ಓದುವವಳ ಮೇಲೂ ಒಂದು ಚೀಟಿ

ಸಿಂದಗಿ
18-11-1973

ಪ್ರೀತಿಯ ಇಂದಕ್ಕ,

ನೀನು ಮದುವೆಯಾಗಿ, ಟೀಚರಮ್ಮನೂ ಆಗಿ ಮುದ್ದೇಬಿಹಾಳದಲ್ಲಿ ಆರಾಮ ಕುಳಿತೆ. ನೀನು ಕಟ್ಟಿದ ಭಗಿನಿ ಮಂಡಳವನ್ನು ನನ್ನ ಕೊರಳಿಗೆ ಕಟ್ಟಿ ಹೋದೆ. ಸೆಕ್ರೆಟರಿ ಅಂತ ಹೆಸರು ದೊಡ್ಡದು. ಮಾಡುವ ಕೆಲಸವೆಂದರೆ ನೋಟೀಸು ಬರೆದು ಹಚ್ಚುವುದು, ಅದರ ಮೇಲೆ ಹುಡುಗರು ಕಬಡ್ಡಿ ನೋಟೀಸು ಹಚ್ಚಿದ್ದನ್ನು ನೋಡಿ ಹಲ್ಲು ಕಡಿಯುವುದು.

ಮೊನ್ನೆ ಪ್ರಿನ್ಸಿಪಾಲರ ಹತ್ತಿರ ಹೋಗಿ, ನಮಗೂ ಒಂದು ಖೋಲಿ ಕೊಡಿ, ನೀರಿನ ಟಾಕಿಯ ಬುಡದಲ್ಲಿ ಎಷ್ಟು ದಿನ ಸಭೆ ಮಾಡುವುದು ಅಂದೆ. ಅವರು ಕನ್ನಡಕ ಮೇಲೇರಿಸಿ, "ಭಗಿನಿ ಮಂಡಳ ಅಂದ್ರ ಊರಾಗಿನ ಮಹಿಳಾ ಮಂಡಳ ಅಲ್ಲೇನವಾ? ಅದು ನಮ್ಮ ಕಾಲೇಜಿನ್ಯಾಗ ಯಾವಾಗಿಂದ ಐತಿ?" ಅಂತ ಕೇಳಿದರು. ಮೂರು ವರ್ಷವಾಯಿತು ನೀನು ಅದನ್ನು ಶುರು ಮಾಡಿ! ನನಗೆ ಅಳು ಬಂತು, ನಗುವೂ ಬಂತು. ಹುಡುಗರಿಗೆ ಮಾತ್ರ ನಾವು ಗೊತ್ತು. 'ಹಪ್ಪಳ ಸಂಡಿಗಿ ಸಂಘ' ಅನ್ನುತ್ತಾರೆ. ಹೋದ ವರ್ಷದ ಗ್ಯಾದರಿಂಗಿನಲ್ಲಿ ಫಿಶ್‌ಪಾಂಡ್ ಓದಿದರಲ್ಲ, ಹೆಸರಿಲ್ಲದೆ ಚೀಟಿ ಬರೆದು ಡಬ್ಬಿಗೆ ಹಾಕುವುದು, ವೇದಿಕೆ ಮೇಲೆ ನಿಂತವನು ಕೈಗೆ ಬಂದದ್ದನ್ನು ಬಂದಂತೆ ಓದುವುದು, ಆಗ ಬಿದ್ದ ಹೆಸರು ಅದು. ಇನ್ನೂ ತೊಳೆದು ಹೋಗಿಲ್ಲ.

ಒಂದೇ ಒಳ್ಳೆಯ ಸುದ್ದಿ. ಸಾತವ್ವ ಅಂತ ಹೊಸ ಹುಡುಗಿ ಸೇರಿದ್ದಾಳೆ. ದೇವಣಗಾಂವದವಳು, ಕುರುಬರ ಮನೆಯವಳು. ಇಲ್ಲಿ ಸೋದರತ್ತೆಯ ಮನೆಯಲ್ಲಿದ್ದು ಓದುತ್ತಾಳೆ. ತಂದೆ ಇಲ್ಲ, ಅಣ್ಣ ಚಂದಪ್ಪ ಕುರಿ ಕಾಯುತ್ತಾನೆ. ಹೆಣ್ಣುಹುಡುಗಿಯನ್ನು ಕಾಲೇಜಿಗೆ ಕಳಿಸಬೇಡವೆಂದು ಬಳಗವೆಲ್ಲ ಬೈದರೂ ಕೇಳದೆ ಕಳಿಸಿದವನು ಅವನೊಬ್ಬನೇ. ಪಾಪ, ಎಲ್ಲರೆದುರು ಬುತ್ತಿ ಬಿಚ್ಚಲು ನಾಚಿಕೆಯಂತೆ ಅವಳಿಗೆ. ಲೈಬ್ರರಿಯಲ್ಲಿ ಕಪಾಟಿನ ಹಿಂದೆ ಕುಳಿತು ರೊಟ್ಟಿ ತಿನ್ನುತ್ತಾಳೆ. ನನಗೊಬ್ಬಳಿಗೆ ಹೇಳಿದ್ದಾಳೆ, ಯಾರಿಗೂ ಹೇಳಬೇಡಿರಿ ಅಂತ. ನೀನು ದೂರದವಳು, ನಿನಗೆ ಹೇಳಿದರೆ ಏನಾಗುತ್ತದೆ. ಆದರೆ ಅವಳ ದನಿ ಕೇಳಬೇಕು ಇಂದಕ್ಕ! ಹಿಂದಿನ ಗೋಡೆ ತನಕ ಖಣಖಣ.

ನಮ್ಮನ್ನು ನಾಲ್ಕು ಜನ ಗುರುತಿಸುವಂತೆ ಏನಾದರೂ ಉಪಾಯ ಹೇಳು.

ನಿನ್ನ
ಸಿದ್ದಲಿಂಗವ್ವ


ಮುದ್ದೇಬಿಹಾಳ
29-11-1973

ಸಿದ್ದು,

ನಿನ್ನ ಪತ್ರ ಓದಿ ಇವರೂ ನಕ್ಕರು. ನಾನಿಲ್ಲಿ ಚೆಂದ ಇದ್ದೇನೆ. ಚಿಂತೆ ನಿಮ್ಮದೇ.

ನೋಟೀಸು ಹಚ್ಚಿದರೆ ಯಾರು ನೋಡುತ್ತಾರೆ ಹುಚ್ಚಿ? ಯಾವ ಡಬ್ಬಿಯಿಂದ ನಿಮ್ಮ ಮಾನ ಹೋಯಿತೋ ಆ ಡಬ್ಬಿಯನ್ನೇ ಕೈಗೆ ತೆಗೆದುಕೊಳ್ಳಿ. ಈ ವರ್ಷದ ಫಿಶ್‌ಪಾಂಡ್ ಭಗಿನಿ ಮಂಡಳ ನಡೆಸುತ್ತದೆ ಅಂತ ಪ್ರಿನ್ಸಿಪಾಲರಿಗೆ ಹೇಳು. ಪ್ರತಿ ವರ್ಷ ಹೊಲಸು ಚೀಟಿ ಬಂದು ಅವರಿಗೂ ತಲೆನೋವಾಗಿದೆ. ಹುಡುಗಿಯರ ಕೈಗೆ ಬಂದರೆ ಸ್ವಚ್ಛ ಆಗುತ್ತದೆ ಅನ್ನು, ಕುಣಿದು ಒಪ್ಪುತ್ತಾರೆ. ನಿಮ್ಮ ಆ ಖಣಖಣ ದನಿಯವಳು ಓದಲಿ. ವೇದಿಕೆಯ ಮೇಲೆ ಹುಡುಗಿ ನಿಂತು ಹುಡುಗರ ಕಾಲೆಳೆದದ್ದನ್ನು ಸಿಂದಗಿ ಇನ್ನೂ ನೋಡಿಲ್ಲ.

ಒಂದು ಮಾತು ಮರೆಯಬೇಡ. ಬರೀ ಹುಡುಗರ ಮೇಲೆ ಬರೆದರೆ ಅವರು ಮುನಿಸಿಕೊಂಡು ಗದ್ದಲ ಎಬ್ಬಿಸುತ್ತಾರೆ. ಓದುವವಳ ಮೇಲೂ ಒಂದು ಚೀಟಿ ಇರಲಿ. ತನ್ನ ಮೇಲಿನದನ್ನು ತಾನೇ ಓದಿದರೆ ಸಭೆಯೆಲ್ಲ ನಿಮ್ಮದು. ಅವಳಿಗೆ ಮೊದಲೇ ಹೇಳಬೇಡ, ಮುಖ ನಿಜವಾಗಿ ಕೆಂಪೇರಲಿ. ಅದರಲ್ಲೇ ಮಜಾ ಇರುವುದು.

ನಾನು ಅಲ್ಲಿದ್ದಿದ್ದರೆ! ಹೋಗಲಿ ಬಿಡು. ನಡೆದದ್ದನ್ನೆಲ್ಲ ಅಕ್ಷರ ಬಿಡದೆ ಬರೆ.

ಇಂದುಬಾಯಿ


ಸಿಂದಗಿ
20-1-1974

ಇಂದಕ್ಕಾ, ಇಂದಕ್ಕಾ, ಗೆದ್ದೆವು!

ಎಲ್ಲಿಂದ ಶುರು ಮಾಡಲಿ? ಹಾಲ್ ತುಂಬಿ ಕಿಡಕಿಯ ಮೇಲೆ ಹುಡುಗರು ಹತ್ತಿದ್ದರು. ಸಾತವ್ವ ನನ್ನ ಹಸಿರು ಸೀರೆ ಉಟ್ಟು ಡಬ್ಬಿ ಹಿಡಿದು ನಿಂತಳು. ಮೊದಲನೆಯ ಚೀಟಿಯನ್ನು ತಲೆಕೆಳಗು ಹಿಡಿದಳು. ಎರಡನೆಯದಕ್ಕೆ ಹಿಡಿತಕ್ಕೆ ಬಂದಳು. ಜನರಲ್ ಸೆಕ್ರೆಟರಿ ಪರಪ್ಪನ ಮೇಲೆ, 'ಕನ್ನಡಿ ಅಂಗಡಿಯವರು ಇವರಿಗೆ ಬಾಗಿಲು ಮುಚ್ಚಿದ್ದಾರೆ, ಇವರು ಒಳಗೆ ಹೋದರೆ ಕನ್ನಡಿ ಮುಂದೆ ಗಿರಾಕಿಗೆ ಜಾಗ ಸಿಗುವುದಿಲ್ಲ' ಅಂತ ಓದಿದಳು ನೋಡು, ಅವನ ಗೆಳೆಯರೇ ಅವನನ್ನು ಎತ್ತಿ ಕುಣಿಸಿದರು.

ನೀನು ಹೇಳಿದಂತೆ ಓದುವವಳ ಮೇಲೂ ಒಂದು ಇತ್ತು. ನಾನೇ ಬರೆದದ್ದು. 'ದೇವಣಗಾಂವದ ಕುರಿಮರಿ ಲೈಬ್ರರಿ ಕಪಾಟಿನ ಹಿಂದ ದಿನಾ ಮೇಯತೈತಿ. ಕಾಯಾಂವ ಯಾರೋ?' ಚೀಟಿ ಬಿಡಿಸಿ ಸಾತವ್ವ ಒಂದು ಗಳಿಗೆ ನಿಂತಳು. ಬಂದದ್ದನ್ನು ಓದಲೇಬೇಕೆಂಬುದು ನಿಯಮವಲ್ಲವೇ, ಓದಿಬಿಟ್ಟಳು. ಹಿಂದಿನಿಂದ ಯಾರೋ "ಗುರಣ್ಣಾ!" ಅಂತ ಕೂಗಿದರು. ದಿನಾ ಲೈಬ್ರರಿಯಲ್ಲಿ ಕೂಡುವ ಆ ಬಡಪಾಯಿ ಗುರಣ್ಣ ಎದ್ದು ಓಡಿಹೋದ. ನಗು ಅಂದರೆ ನಗು! ಪ್ರಿನ್ಸಿಪಾಲರು ಧೋತರದ ಚುಂಗಿನಿಂದ ಕಣ್ಣು ಒರೆಸಿಕೊಂಡರು.

ಮರುದಿನವೇ ಕರೆಸಿ ಖೋಲಿ ಕೊಟ್ಟರು. ಆಟದ ಸಾಮಾನು ಇಡುತ್ತಿದ್ದ ಖೋಲಿ. ಬಾಗಿಲ ಮೇಲೆ ಪೇಂಟರನಿಂದ ಬೋರ್ಡು ಬರೆಸುತ್ತಾರಂತೆ. ಈಗ ಹುಡುಗರು ದಾರಿ ಬಿಟ್ಟು, "ಸೆಕ್ರೆಟರಿ ಅಕ್ಕಾರು ಬಂದ್ರು" ಅನ್ನುತ್ತಾರೆ.

ಸಾತವ್ವನ ಅಣ್ಣನೂ ಅವತ್ತು ರೊಟ್ಟಿ, ಶೇಂಗಾಚಟ್ನಿ ಕೊಡಲು ಬಂದಿದ್ದ. ಹೆಗಲ ಮೇಲೆ ಕಂಬಳಿ ಹಾಕಿಕೊಂಡು ಹಾಲಿನ ಬಾಗಿಲಲ್ಲೇ ನಿಂತು ಎಲ್ಲ ನೋಡಿದ. ತಂಗಿಯ ಮೇಲೆ ಎಷ್ಟು ಅಭಿಮಾನ ಬಂದಿರಬೇಕು ಅವನಿಗೆ! ಮರುದಿನ ಅವಳನ್ನು ಊರಿಗೆ ಕರೆದುಕೊಂಡು ಹೋದ, ಅವ್ವನಿಗೆ ತೋರಿಸಿ ತರುತ್ತಾನೇನೋ.

ಎಲ್ಲ ನಿನ್ನ ಪುಣ್ಯ.

ನಿನ್ನ ಸಿದ್ದು


ಮುದ್ದೇಬಿಹಾಳ
27-1-1974

ಶಾಭಾಸ್ ಸಿದ್ದು!

ನಿನ್ನ ಪತ್ರವನ್ನು ಸಾಲಿಯ ಸ್ಟಾಫ್ ರೂಮಿನಲ್ಲಿ ಗಟ್ಟಿಯಾಗಿ ಓದಿದೆ. ಉರ್ದು ಕಲಿಸುವ ಲಾಲಬಿ ಟೀಚರು ಕುರಿಮರಿಯ ಚೀಟಿಗೆ ಎಷ್ಟು ನಕ್ಕರೆಂದರೆ ಚಹಾ ಸೀರೆಯ ಮೇಲೆ ಚೆಲ್ಲಿತು. ಈ ಉಪಾಯ ನನ್ನದು ಅಂತ ಎಲ್ಲರಿಗೂ ಹೇಳಿದೆ. ಹೇಳಿದರೆ ತಪ್ಪೇನು?

ಬೋರ್ಡಿಗೆ ಹಸಿರು ಬಣ್ಣ ಬೇಡ, ನೀಲಿ ಬಳಿಸು. ದೂರದಿಂದ ಕಾಣಬೇಕು. ಸಾತವ್ವನನ್ನು ಬಿಡಬೇಡ. ಅವಳನ್ನು ಮುಂದಿನ ವರ್ಷ ಚುನಾವಣೆಗೆ ನಿಲ್ಲಿಸೋಣ. ಅವಳ ಕೈಯಿಂದ ನನಗೊಂದು ಪತ್ರ ಬರೆಸು. ನನ್ನ ವಿಳಾಸ ಕೊಡು.

ಇಂದುಬಾಯಿ


ಸಿಂದಗಿ
9-2-1974

ಇಂದಕ್ಕ,

ತಡವಾಯಿತು, ಬೇಸರಿಸಬೇಡ. ಬೋರ್ಡು ಬಂತು. ನೀಲಿ ಬಣ್ಣ, ಬಿಳಿ ಅಕ್ಷರ. ಬಸ್ ಸ್ಟ್ಯಾಂಡಿನಿಂದ ಬರುವಾಗಲೇ ಕಾಣುತ್ತದೆ. ಹೊಸ ಹುಡುಗಿಯರು ಬಂದು ಸೇರುತ್ತಿದ್ದಾರೆ, ಕುರ್ಚಿ ಸಾಲುತ್ತಿಲ್ಲ. ಇಂಡಿಯಿಂದ ಸುಂದರವ್ವ ಅನ್ನುವವಳು ಬರೆದಿದ್ದಾಳೆ, ಅಲ್ಲಿಯೂ ಮಂಡಳ ಕಟ್ಟಲು ಬಂದು ಹೇಳಿಕೊಡಬೇಕಂತೆ. ಪ್ರಿನ್ಸಿಪಾಲರು ಹಾಜರಿ ಕೊಡುತ್ತೇನೆ, ಹೋಗಿ ಬಾ ಅಂದರು.

ಸಾತವ್ವ ಊರಿಗೆ ಹೋಗಿದ್ದಾಳೆ. ಮನೆಯವರು ಕಾಲೇಜು ಬಿಡಿಸಿದ್ದಾರೆ. ನಾನು ದೇವಣಗಾಂವಕ್ಕೆ ಹೋಗಿ ಹೇಳಿ ಬಂದೆ. ಅವರು ಕೇಳಲಿಲ್ಲ. ಹಾಲು ಕಾಸಿ ಕೊಟ್ಟರು, ಕುಡಿದು ಬಂದೆ. ಅವರ ಜನ ಅಷ್ಟೇ, ಏನು ಮಾಡುವುದು.

ಚಳಿ ಇನ್ನೂ ಹೋಗಿಲ್ಲ. ನನಗೆ ನೆಗಡಿ.

ಸಿದ್ದು


ಮುದ್ದೇಬಿಹಾಳ
16-2-1974

ಸಿದ್ದು,

ನಿನ್ನ ಪತ್ರದ ಹಿಂದೆಯೇ ಸಾತವ್ವನ ಕಾರ್ಡು ಬಂತು. ವಿಳಾಸ ನೀನೇ ಕೊಟ್ಟಿರಬೇಕು. ನಾಲ್ಕೇ ಸಾಲು. 'ಅಕ್ಕಾವರೇ, ನೀವು ಮಂಡಳ ಕಟ್ಟಿದವರು. ನನ್ನ ಪರವಾಗಿ ಒಬ್ಬರು ಒಂದು ನಿಜ ಮಾತು ಹೇಳಿದರೆ ಅಣ್ಣ ಕಳಿಸುತ್ತಾನೆ. ಪರೀಕ್ಷೆ ಹತ್ತಿರ ಬಂದಿದೆ. ಸಿದ್ದಕ್ಕಾವರಿಗೆ ತಿಳಿಸಿ ಹೇಳಿರಿ.'

ಇದೇನು ಮಾತು? ನೀನು ಅಷ್ಟು ದೂರ ಬಸ್ಸು ಹತ್ತಿ ಹೋಗಿ ಬಂದಿದ್ದೀ, ಮತ್ತೇನು ಹೇಳಬೇಕಂತೆ? ನನಗೆ ಸಿಟ್ಟು ನೆತ್ತಿಗೇರಿತು. ಅವಳಿಗೆ ಸರಿಯಾಗಿ ಬರೆದು ಕಳಿಸಿದ್ದೇನೆ. 'ಮಂಡಳ ಹೆಸರು ಮಾಡಿದ ಹೊತ್ತಿನಲ್ಲಿ ಕೈಬಿಟ್ಟು ಹೋದವಳು ನೀನು. ಧೈರ್ಯ ಇದ್ದಿದ್ದರೆ ಅಣ್ಣನೆದುರು ನೀನೇ ಮಾತಾಡುತ್ತಿದ್ದೆ. ಸಿದ್ದಲಿಂಗವ್ವನ ಮೇಲೆ ಹೊರೆ ಹೊರಿಸಬೇಡ' ಅಂತ. ಓದಿದರೆ ಸ್ವಲ್ಪ ಬುದ್ಧಿ ಬಂದೀತು.

ನೀನು ಇಂಡಿಗೆ ಹೋಗು. ಒಬ್ಬಳು ಹೋದರೆ ಮಂಡಳ ನಿಲ್ಲುವುದಿಲ್ಲ.

ಇಂದುಬಾಯಿ


ಸಿಂದಗಿ
19-2-1974

ಇಂದಕ್ಕ,

ಅಯ್ಯೋ, ಏಕೆ ಬರೆದೆ ಹಾಗೆ? ನನ್ನನ್ನು ಕೇಳಬಾರದಿತ್ತೇ? ನಿನಗೆ ಬೈಯುತ್ತಿದ್ದೇನೆ, ಆದರೆ ಬೈಯಬೇಕಾದವಳು ಕನ್ನಡಿಯಲ್ಲಿದ್ದಾಳೆ. ಹೋದ ಪತ್ರದಲ್ಲಿ ನಾನು ನಿನಗೆ ಅರ್ಧ ಬರೆದೆ. ಉಳಿದರ್ಧ ಈಗ ಬರೆಯುತ್ತೇನೆ. ಓದಿ ನನ್ನ ಮುಖಕ್ಕೆ ಉಗುಳು.

ಚಂದಪ್ಪ ಹಾಲಿನ ಬಾಗಿಲಲ್ಲಿ ಅಭಿಮಾನದಿಂದ ನಿಂತಿರಲಿಲ್ಲ. ಅವನು ಫಿಶ್‌ಪಾಂಡ್ ಯಾವತ್ತು ಕಂಡವನು? ಚೀಟಿ ಯಾರೋ ಬರೆದದ್ದು, ಓದುವವಳು ಬರೀ ಓದುತ್ತಾಳೆ ಅನ್ನುವುದು ನಮಗೆ ಗೊತ್ತು. ಅವನ ಕಣ್ಣಿಗೆ ಕಂಡದ್ದು ಇಷ್ಟು: ತನ್ನ ತಂಗಿ ಊರ ಮುಂದೆ ನಿಂತು, ದೇವಣಗಾಂವದ ಕುರಿಮರಿಯನ್ನು ಕಾಯುವವನು ಯಾರು ಅಂತ ತನ್ನ ಬಾಯಿಂದಲೇ ಕೇಳಿದಳು, ನೂರು ಗಂಡಸರ ನಡುವೆ ಯಾರೋ ಒಬ್ಬನ ಹೆಸರು ಕೂಗಿದರು, ಅವನು ಎದ್ದು ಓಡಿದ. ಬುತ್ತಿಯ ಗಂಟನ್ನು ಅಲ್ಲೇ ಕಟ್ಟೆಯ ಮೇಲಿಟ್ಟು, ಮರುದಿನ ಬೆಳಿಗ್ಗೆ ಬಂದು ಅವಳನ್ನು ಕರೆದುಕೊಂಡು ಹೋದ. ಬಳಗದವರು ಗಂಡು ಹುಡುಕತೊಡಗಿದ್ದಾರೆ.

ನಾನು ಹೋದಾಗ ಅವನು ಕೂಗಾಡಲಿಲ್ಲ. ಕೂಗಾಡಿದ್ದರೆ ನಾನೂ ಕೂಗಾಡಿ ಬಂದುಬಿಡುತ್ತಿದ್ದೆ. ಕಂಬಳಿ ಹಾಸಿ, "ಕೂಡ್ರಿ ಅಕ್ಕಾರ" ಅಂದ. ಅವರವ್ವ ಹಾಲು ತಂದಳು. ಸಾತವ್ವ ಒಳಗೆ ಒಲೆಯ ಹತ್ತಿರ ಇದ್ದಳು, ಸೆರಗು ಕಾಣುತ್ತಿತ್ತು. ಅವನು ಹೇಳಿದ, "ನಮ್ಮ ಹುಡುಗಿ ಹೇಳತಾಳ್ರಿ, ಅದು ಚ್ಯಾಷ್ಟಿ, ಯಾರೋ ಬರದದ್ದು ನಾ ಓದೇನಿ ಅಂತ. ಬರದಾಂವ ಗಂಡಸಿದ್ರ, ಏನೋ ಕಂಡ ಬರದಾನ. ಹೆಣ್ಣಮಕ್ಕಳು ನಿಮ್ಮ ನಿಮ್ಮೊಳಗ ಬರದಿದ್ರ ಅದು ನಗಿಚಾಟಿ, ನಾನೂ ನಕ್ಕ ಬಿಡತೇನಿ, ನಾಳೀನ ಕಳಸ್ತೇನಿ. ನೀವು ಬರದಿರೇನ್ರಿ? ಇಲ್ಲಾ ನಿಮ್ಮ ಪೈಕಿ ಯಾರರ ಬರದಾರೇನ್ರಿ?"

ಇಂದಕ್ಕ, ಅವನು ಬಾಗಿಲನ್ನು ಪೂರ್ತಿ ತೆರೆದು ನಿಲ್ಲಿಸಿದ್ದ. 'ಹೌದು, ನಾನೇ' ಅನ್ನುವ ಎರಡು ಶಬ್ದ. ಅಷ್ಟೇ ಬೇಕಿತ್ತು.

ನನ್ನ ಕೈಯಲ್ಲಿ ಅವರ ಮನೆಯ ಹಾಲಿನ ವಾಟಗ ಇತ್ತು. ಆ ಮನೆಯ ಮಗಳನ್ನು ಕುರಿ ಅಂದವಳು ನಾನು ಅಂತ ಹೇಗೆ ಹೇಳಲಿ? ಸಭೆಯಲ್ಲಿ ಅದು ಬರೀ ತಮಾಷೆಯಾಗಿತ್ತು. ಆ ಕಂಬಳಿಯ ಮೇಲೆ ಕುಳಿತಾಗ ಎಂಥ ಮಾತು ಬರೆದೆ ಅಂತ ತಿಳಿಯಿತು. ಸಾಲದ್ದಕ್ಕೆ ಖೋಲಿ ನೆನಪಾಯಿತು, ಬೋರ್ಡು ನೆನಪಾಯಿತು. ಸೆಕ್ರೆಟರಿಯೇ ಹೀಗೆ ಬರೆದಳೆಂದು ಕಾಲೇಜಿಗೆ ಗೊತ್ತಾದರೆ ಎಲ್ಲ ಹೋಗುತ್ತದೆ ಅನ್ನಿಸಿತು. "ನನಗ ಗೊತ್ತಿಲ್ರಿ" ಅಂದೆ.

ಅವನು ನನ್ನ ಕೊರಳ ಕಡೆ ನೋಡಿದ. "ನಾವು ದೇವರ ಭಂಡಾರ ಮುಟ್ಟಿ ಆಣಿ ಮಾಡತೇವ್ರಿ. ನೀವು ಲಿಂಗವಂತರು. ಕೊಳ್ಳಾನ ಲಿಂಗಾ ಹಿಡದು ಇದ ಮಾತ ಹೇಳಿಬಿಡ್ರಿ, ನಾ ಮತ್ತ ಕೇಳಂಗಿಲ್ಲ" ಅಂದ.

ಹಿಡಿದೆ. ಹೇಳಿದೆ. ಆಮೇಲೆ ಹಾಲು ಕುಡಿದೆ. ಒಳಗೆ ಸೆರಗು ಸರಿದು ಹೋಯಿತು.

ಅಂದಿನಿಂದ ಸ್ನಾನ ಮಾಡಿ ಲಿಂಗಪೂಜೆಗೆ ಕೂಡುವಾಗ ಕೈ ಹಿಂದೆ ಸರಿಯುತ್ತದೆ. ನಮ್ಮವ್ವ, "ಯಾಕ ಹೆಂಗ ಮಾಡಾಕತ್ತಿ" ಅಂತ ಕೇಳಿದಳು. ನೆಗಡಿ ಅಂದೆ. ಇಂಡಿಗೆ ಹೋಗಿಲ್ಲ. ಬೋರ್ಡಿನ ಕೆಳಗೆ ಹಾಯ್ದು ಹೋಗಲು ಆಗುವುದಿಲ್ಲ, ಹಿಂದಿನ ಬಾಗಿಲಿಂದ ಬರುತ್ತೇನೆ.

ಸಿದ್ದು


ಮುದ್ದೇಬಿಹಾಳ
23-2-1974

ಸಿದ್ದು,

ನಿನಗೆ ಉಗುಳಲು ನನಗೆ ಬಾಯಿಲ್ಲ. ಓದುವವಳ ಮೇಲೂ ಒಂದಿರಲಿ, ಅವಳಿಗೆ ಹೇಳಬೇಡ ಎಂದವಳು ನಾನು. ನಿಜ ಮಾತು ಬೇಡಿ ಕಾರ್ಡು ಬರೆದವಳಿಗೆ ಬೈಗುಳ ಬರೆದು ಕಳಿಸಿದವಳೂ ನಾನು. ಅವಳು ಅದನ್ನು ಯಾರ ಕೈಲೂ ಓದಿಸಿರಲಾರಳು, ತಾನೇ ಓದಿರುತ್ತಾಳೆ, ಆ ಮನೆಯಲ್ಲಿ ಓದು ಬರುವವಳು ಅವಳೊಬ್ಬಳೇ. ನೆನೆದರೆ ಅನ್ನ ಇಳಿಯುವುದಿಲ್ಲ.

ನೀನು ಹೋಗಿ ಹೇಳು. ಪತ್ರ ಬರೆಯಬೇಡ, ಕಾಲಿಂದ ಹೋಗು. ಖೋಲಿ ಹೋದರೆ ಹೋಗಲಿ, ಟಾಕಿಯ ಬುಡ ಎಲ್ಲಿಗೂ ಹೋಗುವುದಿಲ್ಲ. ನಾನೂ ಬರಬೇಕು. ಬರಲಾರೆ. ಇಷ್ಟು ದಿನ ನಿನಗೆ ಹೇಳಿರಲಿಲ್ಲ, ನಿನ್ನ ಪತ್ರಗಳನ್ನು ಮೊದಲು ಇವರು ಒಡೆದು ಓದುತ್ತಾರೆ. ನಾನೊಬ್ಬಳೇ ಬಸ್ಸು ಹತ್ತಲು ಅಪ್ಪಣೆ ಇಲ್ಲ. ನಾನು ಅಲ್ಲಿ ಮಾಡಲಾಗದ್ದನ್ನೆಲ್ಲ ನಿಮ್ಮ ಕೈಯಿಂದ ಮಾಡಿಸಲು ಹೋದೆ. ಮುಂದಿನ ಪತ್ರ ಸಾಲಿಯ ವಿಳಾಸಕ್ಕೆ ಬರೆ.

ಇಂದು


ಸಿಂದಗಿ
28-4-1974

ಇಂದಕ್ಕ,

ಎರಡು ತಿಂಗಳು ನಿನ್ನನ್ನು ಕಾಯಿಸಿದೆ. ಕೊನೆ ಏನಾಗುತ್ತದೋ ನೋಡಿ ಬರೆಯೋಣ ಎಂದುಕೊಂಡಿದ್ದೆ.

ನಿನ್ನ ಪತ್ರ ಬಂದ ವಾರದಲ್ಲೇ ದೇವಣಗಾಂವಕ್ಕೆ ಹೋದೆ. ಮನೆಯಲ್ಲಿ ಅವರವ್ವ ಒಬ್ಬಳೇ ಇದ್ದಳು. ಜೋಳ ಕೊಯ್ದು ಹೊಲ ಖಾಲಿಯಾಗಿವೆ, ಹೊಲದವರು ಗೊಬ್ಬರಕ್ಕೆಂದು ಕುರಿ ನಿಲ್ಲಿಸಲು ಕರೆಯುತ್ತಾರೆ, ಅದಕ್ಕೆ ಚಂದಪ್ಪ ಹಿಂಡು ಹೊಡೆದುಕೊಂಡು ಕೊಲ್ಹಾರದ ಕಡೆ ಹೊಳೆದಂಡೆಗೆ ಹೋಗಿದ್ದಾನೆ, ತಂಗಿಯೂ ಸಂಗಡ ಇದ್ದಾಳೆ ಅಂದಳು. ಬಾಗೇವಾಡಿಯಲ್ಲಿ ಬಸ್ಸು ಬದಲಿಸಿ ಕೊಲ್ಹಾರಕ್ಕೆ ಹೋದೆ. ಸಿಕ್ಕ ಸಿಕ್ಕವರನ್ನು ಕೇಳುತ್ತ ಹೊಲದಲ್ಲಿ ನಡೆದೆ. ಜೋಳದ ಕೂಳೆ ಕಾಲಿಗೆ ಚುಚ್ಚಿ ರಕ್ತ ಬಂತು. ಬರಲಿ ಎಂದುಕೊಂಡೆ.

ಚಂದಪ್ಪ ಕುರಿಗಳ ಸುತ್ತ ಬಲೆ ಬಿಗಿದು ಗೂಟ ಬಡಿಯುತ್ತಿದ್ದ. ಸಾತವ್ವ ಮೂರು ಕಲ್ಲಿನ ಒಲೆಯ ಮೇಲೆ ರೊಟ್ಟಿ ಮಾಡುತ್ತಿದ್ದಳು. ನಿಂತಲ್ಲೇ ಹೇಳಿದೆ, ಕುಳಿತರೆ ಮತ್ತೆ ಹಾಲು ಕೊಟ್ಟಾರು ಅಂತ ಹೆದರಿಕೆಯಾಗಿ. "ಚೀಟಿ ನಾ ಬರದದ್ದು. ಗುರಣ್ಣನ ಹೆಸರು ಹುಡುಗರು ಸುಮ್ಮನ ಕೂಗಿದ್ದು. ಸಾತವ್ವಂದು ಏನೂ ತಪ್ಪಿಲ್ಲ. ಲಿಂಗಾ ಹಿಡದು ಸುಳ್ಳ ಹೇಳೇನಿ."

ಅವನು ಗೂಟ ಬಡಿಯುವುದನ್ನು ನಿಲ್ಲಿಸಿದ. "ನಕ್ಕ ಬಿಡತೇನಿ ಅಂದಿದ್ನೆಲ್ರಿ ಅವತ್ತ. ಈಗ ನಗು ಬರವಲ್ತು. ಇರ್ಲಿ, ಇಷ್ಟು ದೂರ ಬಂದ ಹೇಳಿದ್ರಿ. ಗಂಡಿನೋರಿಗೆ ಬ್ಯಾಡ ಅಂತ ಹೇಳಿ ಕಳಸ್ತೇನಿ. ಪರೀಕ್ಷಾ ಬರೀಲಿ" ಅಂದ. ಅಷ್ಟು ಹೇಳಿ, ತಂಗಿಯೆದುರು ಕಣ್ಣೀರು ಬರುತ್ತದೆಂದೋ ಏನೋ, ಕುರಿಗಳ ಕಡೆ ಹೋದ.

ನಾನು ಸಾತವ್ವನ ಹತ್ತಿರ ಕುಳಿತೆ. ಅವಳು ರೊಟ್ಟಿ ತಟ್ಟುವುದನ್ನು ಬಿಡಲಿಲ್ಲ. "ನೀವ ಬರದದ್ದು ಅಂತ ಸ್ಟೇಜಿನ ಮ್ಯಾಲನ ಗೊತ್ತಾಗಿತ್ರಿ" ಅಂದಳು. "ಕಪಾಟಿನ ಹಿಂದ ಉಣ್ಣೂದು ನಿಮಗೊಬ್ಬರಿಗ ಹೇಳಿದ್ದೆ." ಆಗ ಗೊತ್ತಿದ್ದೂ ಅಣ್ಣನಿಗೆ ಯಾಕೆ ಹೇಳಲಿಲ್ಲ ಅಂತ ಕೇಳಿದೆ. "ನಾ ಹೇಳಿದ್ರ ತಪ್ಪಿಸಿಕೊಳ್ಳಾಕ ಮಂದಿ ಹೆಸರ ಹೇಳತಾಳ ಅಂತಿದ್ದ. ಅದಕ್ಕ, ಸಿದ್ದಕ್ಕಾರು ಬರ್ತಾರ, ಬಂದ ಹೇಳತಾರ, ಅಲ್ಲಿತನಕ ತಡಿ ಅಂದಿದ್ದೆ. ನೀವು ಬಂದ್ರಿ. ನಾ ಒಲಿ ಮುಂದ ಕುಂತು ಕೇಳಾಕತ್ತಿದ್ದೆ." ನಿನ್ನ ಪತ್ರದ ಮಾತು ತೆಗೆದು ನಿನ್ನ ಪರವಾಗಿ ಕ್ಷಮೆ ಕೇಳಿದೆ. "ಒಲಿಗೆ ಹಾಕಿದ್ನಿರಿ ಅದನ್ನ" ಅಂದಳು. ಸಿಟ್ಟಿನಿಂದಲ್ಲ. ಸಿಟ್ಟಿದ್ದರೆ ಚೆನ್ನಾಗಿತ್ತು. ಹಸಿದಿರಬೇಕೆಂದು ನನಗೂ ಒಂದು ರೊಟ್ಟಿ ಕೊಟ್ಟಳು.

ಮರಳಿ ಬಂದು ಪ್ರಿನ್ಸಿಪಾಲರಿಗೆ ಎಲ್ಲ ಹೇಳಿದೆ. ಅವರು ಬೈಯುತ್ತಾರೆ, ಖೋಲಿ ಕಸಿದುಕೊಳ್ಳುತ್ತಾರೆ ಅಂತ ಎದೆ ಗಟ್ಟಿ ಮಾಡಿಕೊಂಡು ಹೋಗಿದ್ದೆ. ಅವರು ನಕ್ಕು, "ಇಷ್ಟಕ್ಕ ಯಾಕ ಅಳತೀಯವಾ, ಫಿಶ್‌ಪಾಂಡ್ ಅಂದ್ರ ಹಂಗ ಇರತೈತಿ" ಅಂದರು. ಯಾವ ಖೋಲಿಗಾಗಿ ನಾನು ಆ ಮನೆಯಲ್ಲಿ ಸುಳ್ಳು ಹೇಳಿದೆನೋ ಆ ಖೋಲಿಗೆ ಏನೂ ಆಗುತ್ತಿರಲಿಲ್ಲ ಇಂದಕ್ಕ. ಸೆಕ್ರೆಟರಿ ಕೆಲಸ ಬಿಡುತ್ತೇನೆ ಅಂದೆ, ಅದನ್ನೂ ಒಪ್ಪಲಿಲ್ಲ. ಮಂಡಳದ ಹುಡುಗಿಯರನ್ನು ಕೂಡಿಸಿ ಹೇಳಿದೆ. ಯಾರೂ ಎದ್ದು ಹೋಗಲಿಲ್ಲ.

ಸಾತವ್ವ ಪರೀಕ್ಷೆಗೆ ಬಂದಳು. ಚಂದಪ್ಪ ದಿನಾ ಬಂದು ಬೇವಿನ ಗಿಡದ ಕೆಳಗೆ ಕುಳಿತು, ಪೇಪರು ಮುಗಿದ ಮೇಲೆ ಅವಳನ್ನು ಕರೆದೊಯ್ಯುತ್ತಿದ್ದ. ನನ್ನನ್ನು ಕಂಡಾಗ ಎದ್ದು, "ಶರಣ್ರಿ ಅಕ್ಕಾರ" ಅನ್ನುತ್ತಿದ್ದ. ಅವನ ಮನಸ್ಸು ತಿಳಿಯಾಗಿದೆ. ಅದು ನನಗೆ ಇನ್ನೂ ಭಾರ.

ನಿನ್ನೆ ಕೊನೆಯ ಪೇಪರು. ಹುಡುಗಿಯರೆಲ್ಲ ಖೋಲಿಯಲ್ಲಿ ಅವಲಕ್ಕಿ ಮಾಡಿಕೊಂಡು ಅವಳಿಗಾಗಿ ಕಾಯುತ್ತಿದ್ದರು. ಅವಳು ಬೋರ್ಡಿನ ಮುಂದೆಯೇ ಹಾಯ್ದು, ಒಳಗೆ ಬಾರದೆ ಹೊರಟಳು. ನಾನು ಓಡಿ ಹೋಗಿ ಅಡ್ಡ ನಿಂತು, "ಸಾತವ್ವಾ, ಒಂದ ಗಳಿಗಿ ಒಳಗ ಬಾ. ನಾನು..." ಅಂದೆ.

ಅವಳು ನಿಂತು, ಯಾವತ್ತಿನ ಮರ್ಯಾದೆಯಿಂದಲೇ ಹೇಳಿದಳು, "ಗೊತ್ತೈತ್ರಿ ಅಕ್ಕಾರ. ನೀವು ಭಗಿನಿ ಮಂಡಳದ ಸೆಕ್ರೆಟರಿ. ಈ ಕಾಲೇಜಿನ್ಯಾಗ ನಿಮ್ಮನ್ನ ಅರಿಯದಾರು ಈಗ ಯಾರೂ ಇಲ್ರಿ."

ಬೇವಿನ ಗಿಡದ ಕೆಳಗಿನಿಂದ ಅವಳ ಅಣ್ಣ ಎದ್ದ. ಇಬ್ಬರೂ ಬಸ್ ಸ್ಟ್ಯಾಂಡಿನ ದಾರಿ ಹಿಡಿದರು.

ಸಿದ್ದಲಿಂಗವ್ವ